ನಾನು ಬರೆದುಕೊಟ್ಟ ಸ್ವಧರ್ಮ

ಜೀವನಕ್ಕೊಂದು ಧ್ಯೇಯ ಬೇಕು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಕಾಣುವುದು ಇಂದಿರಾನಗರದ ನೂರಡಿ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆ, ಅಲ್ಲಿನ ಮನೆಯೊಂದರ ಮಹಡಿಯಲ್ಲಿದ್ದ ಆಫೀಸು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲವು ವರ್ಷ ನಾನು ಅಲ್ಲಿಗೆ ವಾರಕ್ಕೆ ಮೂರು ದಿನ ಹೋಗಿ ಬೇರೆಯವರ ಧ್ಯೇಯಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ. ಉಳಿದ ದಿನ ಶಿವಾಜಿನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಅಧ್ಯಾಪಕ. ತತ್ತ್ವಶಾಸ್ತ್ರ ತೆಗೆದುಕೊಳ್ಳುವ ವಿದ್ಯಾರ್ಥಿಗಳೇ ಇರಲಿಲ್ಲವಾದ್ದರಿಂದ ಭಾರತದ ಸಂವಿಧಾನ ಎಂಬ ಕಡ್ಡಾಯ ಪತ್ರಿಕೆಯನ್ನು ನನ್ನ ತಲೆಗೆ ಕಟ್ಟಿದ್ದರು. ಸಮಾನತೆಯ ವಿಧಿಗಳನ್ನು ನಾನು ಓದಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.

ಆ ವರ್ಷಗಳ ಡೈರಿಗಳು ನನ್ನ ಬಳಿ ಇವೆ. ಅವನ್ನು ನಾನು ಪೂರ್ತಿ ನಂಬುವುದಿಲ್ಲ. ನೆನಪನ್ನು ಇನ್ನೂ ಕಡಿಮೆ ನಂಬುತ್ತೇನೆ. ಈಗ ಬರೆಯುತ್ತಿರುವ ವಿಷಯದಲ್ಲಿ ಅವೆರಡೂ ಒಂದನ್ನೊಂದು ಒಪ್ಪುವುದಿಲ್ಲ, ಎರಡರಲ್ಲೂ ನಾನು ಮಾತ್ರ ಸಭ್ಯನಾಗಿ ಕಾಣುತ್ತೇನೆ. ಅನುಮಾನ ಬರಲು ಅಷ್ಟು ಸಾಕು.

ಆಫೀಸಿನ ಒಡೆಯ ನನ್ನ ಎಂ.ಎ. ಸಹಪಾಠಿ. ತೊಂಬತ್ತರ ದಶಕದ ಆರಂಭದಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಭಾರತೀಯ ದರ್ಶನಗಳನ್ನು ಓದಿದೆವು. ಓದಿದೆವು ಎನ್ನುವುದು ಅವನ ಮಟ್ಟಿಗೆ ಉದಾರವಾದ ಮಾತು. ಪರೀಕ್ಷೆಯ ಹಿಂದಿನ ದಿನ ನನ್ನ ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದ ಮನುಷ್ಯ, ಹತ್ತು ವರ್ಷ ಕಳೆದ ಮೇಲೆ ಅದೇ ಜೆರಾಕ್ಸ್ ಹಾಳೆಗಳಿಂದ ಕಂಪನಿಗಳಿಗೆ ಪಾಠ ಹೇಳುತ್ತಿದ್ದ. ದಂಡಿನಲ್ಲಿ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಹುಟ್ಟಿ ಬೆಳೆದ ನಮಗೆಲ್ಲ ಮಿಷನ್ ಎಂದರೆ ಒಂದು ಶಾಲೆ ಅಥವಾ ಒಂದು ಆಸ್ಪತ್ರೆ. ಈಗ ಧ್ಯೇಯ ಎಂಬ ಅರ್ಥದಲ್ಲಿ ತಲೆಗೊಂದು ಮಿಷನ್ ಬೇಕಾಗಿತ್ತು. ಅದನ್ನು ಅರ್ಧ ದಿನದಲ್ಲಿ, ಮಧ್ಯೆ ಕಾಫಿ ಬಿಸ್ಕತ್ತಿನೊಂದಿಗೆ ಹುಡುಕಿಕೊಡುವುದು ನನ್ನ ಗೆಳೆಯನ ಕಸುಬಾಗಿತ್ತು.

ಅವನ ಮುಖ್ಯ ಸ್ಲೈಡಿನಲ್ಲಿ ಎಡಗಡೆ ಯುದ್ಧಭೂಮಿಯ ನಡುವೆ ನಿಂತ ರಥ, ಬಲಗಡೆ ಮರದ ಕೆಳಗೆ ಕುಳಿತ ಬುದ್ಧ. ಮೇಲೆ ಇಂಗ್ಲಿಷಿನಲ್ಲಿ, ನಿಮ್ಮ ಧ್ಯೇಯವನ್ನು ಕಂಡುಕೊಳ್ಳಿ ಎಂಬ ಉಪದೇಶ. ರಥದ ಮೇಲಿದ್ದವನಿಗೆ ಕಂಡುಕೊಳ್ಳುವ ಕಷ್ಟವೇ ಇರಲಿಲ್ಲ. ಅವನು ಮಾಡಬೇಕಾದದ್ದು ಅವನು ಹುಟ್ಟುವ ಮೊದಲೇ ಗೊತ್ತಾಗಿತ್ತು. ಅದನ್ನು ಬಿಟ್ಟುಹೋಗುತ್ತೇನೆ ಎಂದದ್ದಕ್ಕೇ ಅಷ್ಟು ದೊಡ್ಡ ಉಪದೇಶ ಕೇಳಬೇಕಾಯಿತು. ಮರದ ಕೆಳಗಿದ್ದವನಾದರೋ ಹುಟ್ಟಿನಿಂದ ಬಂದ ಅರಮನೆ, ಪಟ್ಟ, ಕುಲದ ಕೆಲಸ ಎಲ್ಲವನ್ನೂ ಬಿಟ್ಟೇ ಅಲ್ಲಿಗೆ ಬಂದವನು. ಇಂಥವನಾಗಬೇಕು, ಅಂಥವನಾಗಬೇಕು ಎಂಬ ಹಂಬಲದಲ್ಲೇ ದುಃಖದ ಬೇರು ಕಂಡವನು. ಅವನು ಶಿಷ್ಯರನ್ನು ಊರೂರಿಗೆ ಕಳಿಸಿದ್ದೂ ಬೇರೆಯವರ ಹಿತಕ್ಕಾಗಿ, ಅವರವರ ಉನ್ನತಿಗಲ್ಲ. ನಾವು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಕೆಳಗೆ ನಮ್ಮ ಫೋನ್ ನಂಬರು ಹಾಕಿದ್ದೆವು.

"ಇವೆರಡೂ ಒಂದೇ ಅಲ್ಲ ಕಣೋ," ಎಂದು ಒಮ್ಮೆ ಹೇಳಿದೆ.

"ಗುರು, ಆ ಸ್ಲೈಡ್ ಇರೋದು ಮೂವತ್ತು ಸೆಕೆಂಡು. ಅಷ್ಟ್ರಲ್ಲಿ ಯಾರಿಗೆ ಡಿಫರೆನ್ಸ್ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ನೀನು ಕ್ಲೈಂಟ್ ಅಲ್ವಲ್ಲ ಮಗಾ."

ಅವನನ್ನು ನಾನು ತಿರಸ್ಕರಿಸುತ್ತಿದ್ದೆ. ಅದರಲ್ಲಿ ಒಂದು ಸುಖವಿತ್ತು ಎಂದೂ ಒಪ್ಪಿಕೊಳ್ಳಬೇಕು. ಅವನು ತಿಳಿಯದೆ ಮಾಡುತ್ತಾನೆ, ನಾನು ತಿಳಿದೂ ಮಾಡುತ್ತೇನೆ, ಆದ್ದರಿಂದ ನಾನು ಅವನಿಗಿಂತ ಮೇಲು ಎಂಬುದು ನನ್ನ ಲೆಕ್ಕ. ಇಂಥ ಲೆಕ್ಕವನ್ನು ವಿಶ್ವವಿದ್ಯಾಲಯದಲ್ಲಿ ಓದಿದವನು ಮಾತ್ರ ಹಾಕಬಲ್ಲ.

ಸ್ವಧರ್ಮ ಎಂಬ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಹಲಸೂರಿನ ನಮ್ಮ ಮನೆಯಲ್ಲಿ ಅದು ಉಪ್ಪು ಸಾರಿನಷ್ಟು ದಿನಬಳಕೆಯದು. ಗುಮಾಸ್ತರಾಗಿದ್ದ ಅಪ್ಪ ಬೆಳಿಗ್ಗೆ ಸ್ನಾನ ಮುಗಿಸಿ ಗಟ್ಟಿಯಾಗಿ ಪಾರಾಯಣ ಮಾಡುತ್ತಿದ್ದರು. ಅದೇ ಹೊತ್ತಿಗೆ ಮನೆಯ ಹಿಂದಿನ ಸಂದಿಯಲ್ಲಿ ಚರಂಡಿ ಬಳಿಯುವ ಹೆಂಗಸು ಬಂದು ತಮಿಳಿನಲ್ಲಿ ನೀರು ಕೇಳಿದರೆ ಅಮ್ಮ ಎತ್ತರದಿಂದ ಹೊಯ್ಯುತ್ತಿದ್ದಳು. ಮುಂದೆ ಆ ಹೆಂಗಸಿನ ಮಗಳೂ ಅದೇ ಸಂದಿಗೆ ಬಂದಳು. "ಅವರವರ ಧರ್ಮ ಅವರವರು ಮಾಡ್ತಾರೆ, ಅದಕ್ಕೇ ಲೋಕ ನಡೀತಿದೆ," ಎಂದು ಅಪ್ಪ ಹೇಳುತ್ತಿದ್ದರು. ಇದನ್ನು ಖಂಡಿಸಿ ನಾನು ಎಂ.ಎ.ಯಲ್ಲಿ ಒಂದು ದೀರ್ಘ ಪ್ರಬಂಧ ಬರೆದೆ, ಅದಕ್ಕೆ ಒಳ್ಳೆಯ ಅಂಕಗಳೂ ಬಂದವು. ಆ ತಾಯಿ ಮಗಳಲ್ಲಿ ಒಬ್ಬರ ಹೆಸರನ್ನೂ ಕೇಳಿರಲಿಲ್ಲ.

ದೊಮ್ಮಲೂರಿನ ಫ್ಲೈಓವರ್ ಕಾಣುವ ಒಂದು ಕಂಪನಿ ನಮ್ಮನ್ನು ಕರೆಸಿತು. ಇಂಜಿನಿಯರುಗಳಿಗೆಲ್ಲ ಧ್ಯೇಯ ಸಿಕ್ಕಾಗಿತ್ತು. ಈಗ ಹೌಸ್‌ಕೀಪಿಂಗ್‌ನವರಿಗೂ ಸಿಗಬೇಕು ಎಂದು ಮೇಲಿನ ಯಾರಿಗೋ ಅನಿಸಿತ್ತು. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ನೀಲಿ ಸಮವಸ್ತ್ರದ ಸುಮಾರು ನಲವತ್ತು ಜನ ಮಧ್ಯಾಹ್ನದ ಊಟ ಮುಗಿಸಿ ಕುಳಿತಿದ್ದರು. ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯವರು, ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಗಳಲ್ಲಿ ಇದ್ದವರು. ಗೆಳೆಯ ಇಂಗ್ಲಿಷಿನಲ್ಲಿ ಅರ್ಧ, ಬೆಂಗಳೂರು ಕನ್ನಡದಲ್ಲಿ ಅರ್ಧ ಮಾತಾಡಿದ. ರಥ ಬಂದು ಹೋಯಿತು, ಬುದ್ಧ ಬಂದು ಹೋದ. ಆಮೇಲೆ ತಲೆಗೊಂದು ಹಾಳೆ. ಅದರ ನೆತ್ತಿಯ ಮೇಲೆ ‘ನನ್ನ ಸ್ವಧರ್ಮ’ ಎಂದು ಅಚ್ಚಾಗಿತ್ತು. ಆ ಪದ ಬೇಡವೆಂದು ನಾನು ಹೇಳಿದ್ದೆ, ಗೆಳೆಯ ಹಟ ಮಾಡಿದ ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ, ‘ಮಿಷನ್ ಎಂಬುದಕ್ಕೆ ಸ್ವಧರ್ಮ ಎಂದು ಸೂಚಿಸಿದೆ, ಅವನಿಗೆ ಹಿಡಿಸಿತು’ ಎಂದು ನನ್ನದೇ ಅಕ್ಷರದಲ್ಲಿದೆ.

ನಮ್ಮದೊಂದು ಪದ್ಧತಿಯಿತ್ತು. ಅವರು ಬರೆಯುವಂತಿಲ್ಲ. ಅವರು ಹೇಳಬೇಕು, ನಾನು ಬರೆದುಕೊಳ್ಳಬೇಕು. ಅಕ್ಷರ ಬಾರದವರಿಗೆ ನಾಚಿಕೆಯಾಗದಿರಲಿ ಎಂಬ ದೊಡ್ಡ ಮನಸ್ಸು ಇದರ ಹಿಂದಿತ್ತು. ಬಂದವರಿಗೆ ಅಕ್ಷರ ಬರುತ್ತದೆಯೇ ಎಂದು ಕೇಳುವಷ್ಟು ದೊಡ್ಡದಲ್ಲ. ನಾನು ಮೂಲೆಯ ಮೇಜಿಗೆ ಕುಳಿತೆ, ಸಾಲು ಬಂತು.

"ನಂದೇನ್ ಧ್ಯೇಯ ರೀ ಸರ, ಹತ್ತಕ್ಕ ಒಂದು ಚಾ ಸಿಕ್ಕರ ಸಾಕು," ಎಂದ ಒಬ್ಬ ಮುದುಕ.

"ಅದನ್ನ ಹಂಗೇ ಬರೀರಿ ಸರ, ಚಾ ಬರಲ್ಲ, ಬರೇ ಮೀಟಿಂಗ್ ಬರ್ತದ," ಎಂದ ಹಿಂದಿನವನು. ಸಾಲೆಲ್ಲ ನಕ್ಕಿತು.

ಆಮೇಲೆ ಸುಮಾರು ಮೂವತ್ತೈದು ವರ್ಷದ ಒಬ್ಬ ಹೆಂಗಸು ಬಂದು ಕುಳಿತರು. ಬಿಗಿಯಾಗಿ ಕಟ್ಟಿದ ತುರುಬು, ಜೇಬಿನಲ್ಲಿ ಒಂದು ಪೆನ್ನು. ಆ ಪೆನ್ನನ್ನು ನೋಡಿಯೂ ನಾನು ಹಾಳೆಯನ್ನು ಅವರ ಕಡೆ ತಳ್ಳಲಿಲ್ಲ.

"ಬರ್ಕೋರಿ ಸರ. ಇಲ್ಲಿ ಸ್ಟೋರಿನ ಕೆಲಸ ಖಾಲಿ ಅದ. ಫಿನೈಲು, ಸೋಪು, ಟಿಶ್ಯೂ ಎಷ್ಟು ಬಂತು ಎಷ್ಟು ಹೋತು ಅಂತ ರಜಿಸ್ಟರಿನ್ಯಾಗ ಬರಿಯೋದು. ಅದು ನನಗ ಬೇಕು. ನಾ ಪಿಯುಸಿ ಮುಗಿಸೀನಿ."

"ಅದು ಕೆಲಸದ ಮಾತಾಯ್ತು. ಇವರು ಕೇಳ್ತಿರೋದು ಜೀವನದ ಧ್ಯೇಯ."

"ಅದನ್ನೇ ಹೇಳ್ಲಾಕತ್ತೀನಿ. ಕಸಬರಿಗಿ ಬಿಡೋದು."

ನಾನು ಪೆನ್ನು ಎತ್ತಿ ಹಿಡಿದು ಕುಳಿತೆ. ಇವರಿಗೆ ತಿಳಿಯಲಿಲ್ಲ ಅಂದುಕೊಂಡರೇನೋ, ಆಕೆ ನಿಧಾನಕ್ಕೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು.

"ನಾವು ಬೌದ್ಧರ್ರಿ. ನಮ್ಮಪ್ಪ ದೀಕ್ಷಾ ತಗೊಂಡು ಬಂದ ಮರುದಿನ ಊರು ಗುಡಿಸೋ ಕಸಬರಿಗಿ ಒಯ್ದು ಗೌಡರ ಕಟ್ಟಿ ಮ್ಯಾಲ ಇಟ್ಟು, ಇನ್ನ ಮುಂದ ನಮ್ಮ ಮನಿಯಿಂದ ಯಾರೂ ಬರಂಗಿಲ್ಲ ಅಂತ ಹೇಳಿ ಬಂದ್ರು. ನಾ ಇಲ್ಲಿ ಪಗಾರಕ್ಕ ಕಸ ಹೊಡಿತೀನಿ, ಹಣ್ಯಾಗ ಬರದದ ಅಂತಲ್ಲ. ನನ್ನ ಮಗಳು ಈಗ ಕೇಳ್ಲಾಕತ್ತಾಳ, ಅಜ್ಜ ಬಿಟ್ಟಿದ್ದು ನೀ ಯಾಕ ಹಿಡಿದಿ ಅಂತ. ಈ ಹಾಳಿ ಮ್ಯಾನೇಜರ್ ಸಾಹೇಬ್ರ ಹತ್ರ ಹೋಗ್ತದಲ್ರಿ? ಅದಕ್ಕ ಸ್ಪಷ್ಟ ಬರೀರಿ."

"ಬರೀತೀನಿ," ಎಂದೆ.

ಹಾಳೆಗಳನ್ನು ಮನೆಗೆ ತಂದು ಶುದ್ಧಪ್ರತಿ ಮಾಡಿ, ಕೆಳಗೆ ಇಂಗ್ಲಿಷ್ ಅನುವಾದ ಸೇರಿಸುವುದು ನನ್ನ ಪಾಲಿನ ಕೆಲಸ. ಆಕೆಯ ಹಾಳೆಯಲ್ಲಿ ನಾನು ಕೊನೆಗೆ ಬರೆದದ್ದು ಇದು: ‘ಶುಚಿತ್ವವೇ ನನ್ನ ಸ್ವಧರ್ಮ. ನೆಲವನ್ನು ಗುಡಿಸುವಾಗ ನಾನು ನನ್ನ ಒಳಗನ್ನೂ ಗುಡಿಸುತ್ತೇನೆ.’ ಬಟ್ಟೆಯ ಚೂರೊಂದನ್ನು ಉಜ್ಜುತ್ತ ಉಜ್ಜುತ್ತಲೇ ಅರಿವು ಪಡೆದ ಭಿಕ್ಷುವಿನ ಕಥೆ ಓದಿಕೊಂಡಿದ್ದೆ. ಆಕೆ ಬೌದ್ಧರೆಂಬುದನ್ನು ಗೌರವಿಸಲು ಎರಡನೆಯ ವಾಕ್ಯಕ್ಕೆ ಅದರ ಬಣ್ಣ ಕೊಟ್ಟೆ. ಕಸಬರಿಗೆ ಬಿಡುತ್ತೇನೆ ಎಂದು ಬರೆದರೆ ಮ್ಯಾನೇಜರಿಗೆ ಸಿಟ್ಟು ಬಂದು ಇರುವ ಕೆಲಸವೂ ಹೋದೀತು, ಇದು ಆಕೆಯ ಒಳ್ಳೆಯದಕ್ಕೇ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ಡೈರಿಯಲ್ಲಿದೆ. ಅಲ್ಲಿ ಬರೆಯದೆ ಬಿಟ್ಟದ್ದು ಇಷ್ಟೇ: ವಾಕ್ಯ ಚೆನ್ನಾಗಿ ಬಂದಿತ್ತು, ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ. ಅಪ್ಪ ಓದುತ್ತಿದ್ದ ರಾಗದಲ್ಲೇ ಓದಿರಬೇಕು.

ಎರಡು ವಾರ ಕಳೆದು ಮತ್ತೆ ಅಲ್ಲಿಗೆ ಹೋದಾಗ ಲಿಫ್ಟಿನ ಪಕ್ಕದಲ್ಲಿ ಗಾಜಿನ ಚೌಕಟ್ಟು ಹಾಕಿದ ಫಲಕವೊಂದು ಏರಿತ್ತು. ಆಕೆಯ ಫೋಟೋ, ಕೆಳಗೆ ನನ್ನ ಎರಡು ವಾಕ್ಯ, ಅದರ ಕೆಳಗೆ ನನ್ನದೇ ಇಂಗ್ಲಿಷ್. ನೋಡಿ ನನಗೆ ಮೊದಲು ಆದದ್ದು ಸಂತೋಷ. ಅಚ್ಚಿನಲ್ಲಿ ಚೆಂದ ಕಾಣುತ್ತಿತ್ತು.

ಆಕೆ ಹಿಂದಿನ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದರು.

"ಸರ, ಅದು ಯಾರು ಹೇಳಿದ್ದು?"

"ನೀವು ಹೇಳಿದ್ದರ ಭಾವಾರ್ಥ ತಗೊಂಡು..."

"ನಾ ಕಸಬರಿಗಿ ಬಿಡ್ತೀನಿ ಅಂದೆ. ನೀವು ಹಿಡ್ಕೊಂಡೇ ಇರ್ತೀನಿ ಅಂತ ಬರದೀರಿ. ಎಂಥಾ ಭಾವಾರ್ಥ ರೀ ಇದು?"

"ನಿಮಗೆ ತೊಂದರೆ ಆಗ್ಬಾರ್ದು ಅಂತ..."

"ತೊಂದ್ರಿ ಈಗ ಆಗ್ಯದ ನೋಡ್ರಿ. ಸ್ಟೋರಿನ ಕೆಲಸ ಕೇಳ್ಲಾಕ ಹೋದ್ರ, ಇಂಥಾಕಿ ಫ್ಲೋರ್ ಮ್ಯಾಲೇ ಇರ್ಬೇಕು, ಆಕಿ ಜೀವ ಅಲ್ಲೇ ಅದ ಅಂತ ಸಾಹೇಬ್ರು ಸೂಪರ್‌ವೈಸರ್ ಕಡಿಂದ ಹೇಳಿಸ್ಯಾರ. ನಮ್ಮ ಕೋಣಿ ಬಾಜೂಕಿನಾಕಿ ಇಲ್ಲೇ ಕೆಲಸಕ್ಕದಾಳ, ಅದನ್ನ ಬರ್ಕೊಂಡು ಮನಿಗಿ ಬಂದು ನನ್ನ ಮಗಳ ಮುಂದ ಓದಿ ತೋರಿಸ್ಯಾಳ. ಮಗಳು ನನ್ನ ಜೋಡಿ ಮಾತಾಡವಲ್ಲಳು." ಆಮೇಲೆ ನನ್ನಿಂದ ಆಗಬೇಕಾದದ್ದನ್ನು ಹೇಳಿದರು: "ಶುಕ್ರವಾರ ಸ್ಟೋರಿಗಿ ಹೆಸರು ಹಾಕ್ತಾರ. ಅಷ್ಟ್ರೊಳಗ ಸಾಹೇಬ್ರ ಹತ್ರ ಹೋಗಿ ಒಂದೇ ಮಾತು ಹೇಳ್ರಿ. ಆಕಿ ಹೇಳಿದ್ದಲ್ಲ, ನಾ ಬರದಿದ್ದು, ಆಕಿಗಿ ಸ್ಟೋರ್ ಬೇಕಾಗ್ಯದ. ಅಷ್ಟೇ."

ಹೇಳುತ್ತೇನೆ ಎಂದೆ. ಮೊದಲು ಗೆಳೆಯನಿಗೆ ಹೇಳಿದೆ.

"ಮಗಾ, ಕ್ಲೈಂಟ್ ಆ ಲೈನ್ ನೋಡಿ ಕರಗ್ಹೋಗ್ಬಿಟ್ಟಿದಾನೆ. ಈಗ ಹೋಗಿ ಅದು ನಾನು ಬರ್ದಿದ್ದು ಅಂದ್ರೆ ಉಳಿದ ಮೂವತ್ತೊಂಬತ್ತೂ ನೀನೇ ಬರ್ದಿದ್ದು ಅಂತ ಆಗಲ್ವಾ?"

"ಅವೂ ನಾನೇ ಬರ್ದಿದ್ದು."

"ಗೊತ್ತು ಗುರು. ಅದಕ್ಕೇ ಹೇಳ್ತಿರೋದು, ಸುಮ್ನಿರು."

ಆದರೂ ಗುರುವಾರ ನಾನು ಮ್ಯಾನೇಜರ ಕೋಣೆಗೆ ಹೋದೆ. ಇದನ್ನು ನನ್ನ ಪರವಾಗಿ ದಾಖಲಿಸಬಹುದು, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆತ ಹೊರರಾಜ್ಯದವರು, ಸರ್ವಜ್ಞನಗರದಲ್ಲಿ ಒಂದು ಹಳೆಯ ಮನೆ ಕೆಡವಿ ಕಟ್ಟಿದ ಫ್ಲಾಟಿನಲ್ಲಿ ಇದ್ದರು. ಕನ್ನಡ ಬರುತ್ತಿರಲಿಲ್ಲ, ಸಜ್ಜನ. ತಮ್ಮ ಬೀದಿಯ ಬೇಕರಿಯಿಂದ ತಂದ ಪ್ಲಮ್ ಕೇಕನ್ನು ತಟ್ಟೆಗೆ ಹಾಕಿಕೊಟ್ಟರು. ಆಕೆ ಹೇಳಿಕೊಟ್ಟ ಮೂರು ತುಂಡು ಮಾತು ಬಾಯಲ್ಲಿಟ್ಟುಕೊಂಡು ಹೋಗಿದ್ದ ನಾನು, ಮೊದಲು ಹಿನ್ನೆಲೆ ವಿವರಿಸುವುದು ಒಳ್ಳೆಯದು ಎಂದುಕೊಂಡೆ. ಹಿಂದೂ ಪರಂಪರೆಯಲ್ಲಿ ಸ್ವಧರ್ಮ ಎನ್ನುವುದು ಹುಟ್ಟಿಗೆ ಹೇಗೆ ಅಂಟಿಕೊಂಡಿದೆ, ಕೆಲವು ಆಧುನಿಕರು ಅದನ್ನು ಸ್ವಭಾವವೆಂದು ಹೇಗೆ ವ್ಯಾಖ್ಯಾನಿಸಿದರು, ಬೌದ್ಧರು ಹುಟ್ಟನ್ನು ಬದಿಗಿಟ್ಟು ನಡತೆಯನ್ನು ಹೇಗೆ ಮುಂದಿಟ್ಟರು, ಸ್ಥಿರವಾದ ‘ನಾನು’ ಇಲ್ಲದ ಕಡೆ ‘ನನ್ನ ಧ್ಯೇಯ’ ಎಂಬುದಕ್ಕೆ ಏನರ್ಥ. ಇಂಗ್ಲಿಷಿನಲ್ಲಿ ಅಂದು ನನಗೆ ಎಂದೂ ಬಾರದ ಓಘ ಬಂದಿತ್ತು. ಹೀಗಾಗಿ ಆ ಫಲಕದ ವಾಕ್ಯ ತೌಲನಿಕ ದೃಷ್ಟಿಯಿಂದ ಕೊಂಚ ಚರ್ಚಾಸ್ಪದ ಎಂದು ಮುಗಿಸಿದೆ. ಆತ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇಷ್ಟು ಆಳವಾಗಿ ತಾನು ಎಂದೂ ಕೇಳಿರಲಿಲ್ಲ, ಇದನ್ನೇ ಹಿರಿಯ ಅಧಿಕಾರಿಗಳಿಗೆ ಒಂದು ಉಪನ್ಯಾಸವಾಗಿ ಕೊಡಬಹುದೇ ಎಂದು ಕೇಳಿದರು. ಆಗಲಿ ಎಂದೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಆ ಮೂರು ಮಾತನ್ನೂ ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ನನ್ನ ಕೈ ಬಾಗಿಲ ಹಿಡಿಯ ಮೇಲಿದ್ದದ್ದು, ಆತ ತಲೆಯಾಡಿಸಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಡೈರಿಯಲ್ಲಿ ಇರುವುದು ಇಷ್ಟು: ‘ವಿಷಯವನ್ನು ವಿವರವಾಗಿ ಮನದಟ್ಟು ಮಾಡಿದೆ. ಮೆಚ್ಚಿಕೊಂಡರು. ಮುಂದಿನ ತಿಂಗಳು ಉಪನ್ಯಾಸ. ಕೇಕು ಚೆನ್ನಾಗಿತ್ತು.’ ಕೇಕಿನ ಬಗ್ಗೆ ಬರೆದವನು ಆ ಮೂರು ಮಾತನ್ನು ಹೇಳಿದ್ದರೆ ಬರೆಯದೆ ಬಿಡುತ್ತಿದ್ದನೇ?

ಶುಕ್ರವಾರ ಸ್ಟೋರಿನ ಕೆಲಸ ಸೆಕ್ಯುರಿಟಿಯಲ್ಲಿದ್ದ ಒಬ್ಬನಿಗೆ ಹೋಯಿತು.

ಉಪನ್ಯಾಸ ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ. ಹದಿನೈದಿಪ್ಪತ್ತು ಮಂದಿ, ಕನ್ನಡ ಬಲ್ಲವರು ನಾನು ಮತ್ತು ಹಿಂದಿನ ಸಾಲಿನಲ್ಲಿ ಕುಳಿತ ನನ್ನ ಗೆಳೆಯ ಮಾತ್ರ. ಚೆನ್ನಾಗಿ ಮಾತಾಡಿದೆ. ಹಿಂದೂ ಚಿಂತನೆಯಲ್ಲಿ ಧ್ಯೇಯ, ಬೌದ್ಧ ಚಿಂತನೆಯಲ್ಲಿ ಧ್ಯೇಯ, ಎರಡರ ನಡುವಿನ ಸಂವಾದ. ಇಲ್ಲದ ಸಂವಾದವನ್ನೂ ಏರ್ಪಡಿಸಿದೆ. ಕೊನೆಗೆ ಮ್ಯಾನೇಜರು ಎದ್ದು, ಇದನ್ನೆಲ್ಲ ಪುಸ್ತಕವಿಲ್ಲದೆ ಬದುಕುತ್ತಿರುವ ಒಬ್ಬರು ನಮ್ಮಲ್ಲೇ ಇದ್ದಾರೆ ಎಂದು ಬಾಗಿಲು ತೆರೆಸಿದರು. ಆಕೆ ಒಳಗೆ ಬಂದರು. ಎರಡು ಮಾತು ಹೇಳಲಿ, ನೀವು ಇಂಗ್ಲಿಷಿಗೆ ಹೇಳಿ ಎಂದು ಮ್ಯಾನೇಜರು ನನ್ನ ಕಡೆ ನೋಡಿದರು.

ಆಕೆ ಅಂಜಲಿಲ್ಲ. ಎಲ್ಲರನ್ನೂ ನೋಡಿ, ಒಂದೊಂದು ಮಾತಿಗೂ ನಿಂತು ಹೇಳಿದರು.

"ನಾ ಸ್ಟೋರಿನ ಕೆಲಸ ಕೇಳಿದ್ದೆ, ಕೊಡಲಿಲ್ಲ. ಲಿಫ್ಟಿನ ಬಾಜೂಕ ಹಾಕ್ಯಾರಲ್ಲ, ಅದು ನನ್ನ ಮಾತಲ್ಲ, ಈ ಸರ ಬರದಿದ್ದು. ಕೆ.ಆರ್. ಪುರದಾಗ ಒಂದು ಗೋದಾಮಿನ್ಯಾಗ ರಜಿಸ್ಟರ್ ಬರಿಯೋ ಕೆಲಸ ಸಿಕ್ಕದ. ಸೋಮವಾರದಿಂದ ಅಲ್ಲಿಗಿ ಹೋಗ್ತೀನಿ. ನನ್ನ ಫೋಟೋ ಅಲ್ಲಿಂದ ತಗದುಬಿಡ್ರಿ. ನಮಸ್ಕಾರ."

ನಾನು ಅನುವಾದ ಮಾಡಿದೆ. ಏನೆಂದು ಮಾಡಿದೆ ಎಂಬುದು ನೆನಪಿಲ್ಲ. ಇದು ನೆಪವಲ್ಲ. ಆಕೆಯ ಒಂದೊಂದು ಮಾತೂ ನೆನಪಿದೆ, ನನ್ನವು ಮಾತ್ರ ಇಲ್ಲ. ಡೈರಿಯ ಆ ದಿನದ ಪುಟದಲ್ಲಿ ಉಪನ್ಯಾಸದ ಟಿಪ್ಪಣಿ ಇದೆ, ಇದರ ಸುದ್ದಿಯಿಲ್ಲ. ಆಮೇಲೆ ಕೋಣೆಯಲ್ಲಿ ನಡೆದದ್ದರಿಂದ ಊಹಿಸಬೇಕು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿರಿಯ ಅಧಿಕಾರಿಯೊಬ್ಬರು, ಫೋಟೋ ಕೂಡ ಬೇಡವೆನ್ನುವ ಇಂಥ ವಿನಯವನ್ನು ನಾವೆಲ್ಲ ಕಲಿಯಬೇಕು ಎಂದರು. ಗೆಳೆಯ ಮುಂದೆ ಬಂದು ನನ್ನ ಭುಜ ತಟ್ಟಿ, "ಏನ್ ಮ್ಯಾನೇಜ್ ಮಾಡ್ಬಿಟ್ಟೆ ಗುರು!" ಎಂದು ಕಿವಿಯಲ್ಲಿ ಹೇಳಿದ.

ಆಕೆ ಚಪ್ಪಾಳೆ ತಟ್ಟುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಏನಂತ ಹೇಳಿದ್ರಿ ಸರ?"

"ನೀವು ಹೇಳಿದ್ದನ್ನೇ."

"ಹಂಗಾದ್ರ ಯಾಕ ಚಪ್ಪಾಳಿ ಹೊಡಿಲಾಕತ್ತಾರ?"